ಮಗು ನೋಡಿಕೊಳ್ಳುತ್ತಾ ಬ್ಲಾಗ್ ಬರೆದರೆ ದುಡ್ಡು ಬರುತ್ತಾ?

ಬರುತ್ತೆ, ಆದರೆ ನಿಧಾನ. ಮೊದಲ ಕೆಲವು ತಿಂಗಳು ಹಾಲಿನ ದುಡ್ಡೂ ಹುಟ್ಟದಿದ್ದರೆ ಬೇಜಾರಾಗಬೇಡಿ.

ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಶುರು ಮಾಡಲು ಖರ್ಚಿಲ್ಲ. ನಿಮ್ಮ ಬ್ಲಾಗ್‌ನಲ್ಲಿ ಜಾಹೀರಾತು ತೋರಿಸಿ ಅದಕ್ಕೆ ದುಡ್ಡು ಕೊಡುವ ಗೂಗಲ್ ಆಡ್‌ಸೆನ್ಸ್‌ನಿಂದ ಒಪ್ಪಿಗೆ ಸಿಕ್ಕಿ ಗಳಿಕೆ 10 ಡಾಲರ್ ಮುಟ್ಟಿದಾಗ, ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ 6 ಅಂಕಿಯ ಪಿನ್ ಬರುತ್ತದೆ. ಅದನ್ನು ಖಾತೆಯಲ್ಲಿ ಹಾಕಬೇಕು. ಆದರೂ 100 ಡಾಲರ್ ಆಗುವವರೆಗೆ ಬ್ಯಾಂಕಿಗೆ ಏನೂ ಬರುವುದಿಲ್ಲ, ಮುಂದಿನ ತಿಂಗಳಿಗೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಇದನ್ನು ಸಂಬಳ ಅಂದುಕೊಳ್ಳಬೇಡಿ. ಮನೆಯವರಿಂದ ನಿಮ್ಮದೇ ಜಾಹೀರಾತು ಒತ್ತಿಸಬೇಡಿ, ಖಾತೆಯೇ ಮುಚ್ಚಿಹೋಗಬಹುದು. (ಅತ್ತೆ ಪ್ರೀತಿಯಿಂದ ಒತ್ತಿದರೂ ಅಷ್ಟೇ!)

ಏನು ಬರೆಯೋದು? ‘ಮಕ್ಕಳ ಪಾಲನೆ’ ಅಂತ ದೊಡ್ಡದಾಗಿ ಬೇಡ. ರಾಗಿ ಸರಿ ಗಂಟು ಕಟ್ಟದ ಹಾಗೆ ಮಾಡೋದು ಹೇಗೆ, ಬೆಳಗಿನ ಗಡಿಬಿಡಿಯಲ್ಲಿ ಟಿಫನ್ ಡಬ್ಬಿಗೆ ಏನು ಹಾಕೋದು, ಇಂಥವೇ ಸಾಕು. ನೀವೂ ಇದನ್ನೇ ತಾನೆ ಹುಡುಕಿದ್ದು, ಅಲ್ವಾ? ಮಗುವಿನ ಫೋಟೊ, ಶಾಲೆಯ ಹೆಸರು ಮಾತ್ರ ಹಾಕಬೇಡಿ.

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಈ ದುಡ್ಡನ್ನೂ ತೋರಿಸಿ. ‘ಮೊದಲು ಇಷ್ಟು ಕಟ್ಟಿ, ಬರೆಯುವ ಕೆಲಸ ಕೊಡ್ತೀವಿ’ ಅಂತ ಫೋನ್ ಬಂದರೆ ಸುಮ್ನೆ ಕಟ್ ಮಾಡಿ.