ಅಳಿಸಿದ ಕಡತ ರಿಸೈಕಲ್ ಬಿನ್‌ಗೆ ಏಕೆ ಬರಲಿಲ್ಲ?

ಪ್ರಶ್ನೆ: ರಾಯಚೂರಿನ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆಯಲ್ಲಿಯೂ ಕೆಲಸ ಮಾಡಲು ಅನುಕೂಲವಾಗಲೆಂದು ಎರಡು ವರ್ಷಗಳ ರೈತರ ಖಾತೆಗಳ ಎಕ್ಸೆಲ್ ಕಡತಗಳನ್ನು ಪೆನ್ ಡ್ರೈವ್‌ನಲ್ಲಿಯೇ ಇಟ್ಟುಕೊಂಡಿದ್ದೆ. ಕಳೆದ ವಾರ ಬೇಡವಾದ ಫೋಲ್ಡರ್ ಎಂದು ತಪ್ಪು ತಿಳಿದು ಅದನ್ನು ಡಿಲೀಟ್ ಮಾಡಿದೆ. ರಿಸೈಕಲ್ ಬಿನ್ ತೆರೆದು ನೋಡಿದರೆ ಅಲ್ಲಿ ಇಲ್ಲ. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್‌ನಿಂದ ಅಳಿಸಿದ್ದು ಮಾತ್ರ ಬಿನ್‌ನಲ್ಲಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ದೋಷವಿದೆಯೇ? ಕಡತಗಳನ್ನು ಮರಳಿ ಪಡೆಯಬಹುದೇ?
— ಓದುಗರು, ರಾಯಚೂರು

ಉತ್ತರ: ಮೊದಲಿಗೆ ಒಂದು ವಿನಂತಿ. ಆ ಪೆನ್ ಡ್ರೈವ್‌ಗೆ ಇನ್ನು ಯಾವ ಕಡತವನ್ನೂ ಹಾಕಬೇಡಿ, ಅದನ್ನು ಫಾರ್ಮ್ಯಾಟ್ ಮಾಡಬೇಡಿ, ತೆಗೆದು ಬದಿಗಿಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ನಿಮ್ಮ ಕಂಪ್ಯೂಟರಿನಲ್ಲಿ ದೋಷವಿಲ್ಲ. ಪರದೆಯ ಮೇಲೆ ಒಂದೇ ಬುಟ್ಟಿಯ ಚಿತ್ರ ಕಾಣುವುದರಿಂದ, ಎಲ್ಲಿಂದ ಅಳಿಸಿದರೂ ಅಲ್ಲಿಗೇ ಬಂದು ಬೀಳುತ್ತದೆ ಎಂದು ಹೆಚ್ಚಿನವರು ನಂಬಿರುತ್ತಾರೆ. ವಾಸ್ತವದಲ್ಲಿ ಸಿ ಡ್ರೈವ್‌ನದು ಒಂದು ಬುಟ್ಟಿ, ಡಿ ಡ್ರೈವ್‌ನದು ಇನ್ನೊಂದು. ಆಯಾ ಡ್ರೈವ್‌ನೊಳಗೆ ಕಣ್ಣಿಗೆ ಬೀಳದಂತೆ ಇರಿಸಿದ ಒಂದೊಂದು ಫೋಲ್ಡರ್ ಅದು. ನೀವು ಡಿಲೀಟ್ ಕೀಲಿಯನ್ನು ಒತ್ತಿದಾಗ ವಿಂಡೋಸ್ ಕಡತದ ಹೆಸರನ್ನು ಬದಲಿಸಿ ಅದೇ ಡ್ರೈವ್‌ನ ಈ ಫೋಲ್ಡರಿಗೆ ಸರಿಸುತ್ತದೆ ಮತ್ತು ಅದು ಮೊದಲು ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಯಾವಾಗ ಅಳಿಸಲಾಯಿತು ಎಂಬುದನ್ನು ಜೊತೆಗೊಂದು ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ರಿಸ್ಟೋರ್ ಎಂದಾಗ ಕಡತ ಹಳೆಯ ಜಾಗಕ್ಕೆ ಮರಳುವುದು ಈ ಬರಹದ ಆಧಾರದಿಂದಲೇ.

ಪೆನ್ ಡ್ರೈವ್‌ನಂತಹ ಕಿತ್ತು ಒಯ್ಯುವ ಸಾಧನಗಳಿಗೆ ವಿಂಡೋಸ್ ಸಾಮಾನ್ಯವಾಗಿ ಈ ಬುಟ್ಟಿಯನ್ನು ಒದಗಿಸುವುದಿಲ್ಲ. ಬುಟ್ಟಿಯೇ ಇಲ್ಲದ ಮೇಲೆ ಅಳಿಸಿದ್ದು ನೇರವಾಗಿ ಅಳಿದುಹೋಗುತ್ತದೆ. ಯುಎಸ್‌ಬಿ ಮೂಲಕವೇ ಜೋಡಿಸುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಮಾತ್ರ ಬಹುಮಟ್ಟಿಗೆ ಬುಟ್ಟಿ ಇರುತ್ತದೆ, ಏಕೆಂದರೆ ವಿಂಡೋಸ್ ಅದನ್ನು ಸ್ಥಿರ ಡಿಸ್ಕ್ ಎಂದೇ ಪರಿಗಣಿಸುತ್ತದೆ. ಜನರಲ್ಲಿ ಗೊಂದಲ ಹುಟ್ಟುವುದು ಇಲ್ಲಿಯೇ. ಅಂಗಡಿಯ ಇನ್ನೊಂದು ಕಂಪ್ಯೂಟರಿನ ಹಂಚಿಕೆಯ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ತೆರೆದು ಅಳಿಸಿದರೂ, ಕೇಬಲ್ ಹಾಕಿ ಮೊಬೈಲಿನೊಳಗಿನ ಚಿತ್ರಗಳನ್ನು ಅಳಿಸಿದರೂ ಅವು ಬಿನ್‌ಗೆ ಬರುವುದಿಲ್ಲ.

ಕಂಪ್ಯೂಟರಿನ ಸ್ವಂತ ಡಿಸ್ಕ್‌ನಲ್ಲಿಯೂ ಬಿನ್ ತಪ್ಪಿಹೋಗುವ ಸಂದರ್ಭಗಳಿವೆ: ಶಿಫ್ಟ್ ಕೀಲಿಯೊಡನೆ ಡಿಲೀಟ್ ಒತ್ತಿದಾಗ, ಬಿನ್‌ಗೆ ನಿಗದಿಯಾದ ಮಿತಿಗಿಂತ ಕಡತವೇ ದೊಡ್ಡದಾಗಿದ್ದಾಗ, ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಮಾಂಡ್ ಪ್ರಾಂಪ್ಟ್ ಕಿಟಕಿಯಿಂದ ಅಳಿಸಿದಾಗ, ಅಥವಾ ಬಿನ್‌ಗೆ ಕಳುಹಿಸದೆ ತಕ್ಷಣ ಅಳಿಸುವ ಆಯ್ಕೆಯನ್ನು ಯಾರೋ ಅದರ ಪ್ರಾಪರ್ಟೀಸ್‌ನಲ್ಲಿ ಗುರುತು ಹಾಕಿಬಿಟ್ಟಿದ್ದಾಗ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದುದು ಅಳಿಸುವ ಮುನ್ನ ಪರದೆಯ ಮೇಲೆ ಮೂಡುವ ಆ ಚಿಕ್ಕ ಪ್ರಶ್ನೆ. ವಿಂಡೋಸ್ 7ರವರೆಗೆ ಬಿನ್‌ಗೆ ಕಳುಹಿಸುವಾಗಲೂ ಪ್ರತಿ ಸಲ ಅನುಮತಿ ಕೇಳಲಾಗುತ್ತಿತ್ತು. ಹೀಗಾಗಿ ಓದದೆಯೇ ಯೆಸ್ (ಹೌದು) ಒತ್ತುವುದು ನಮಗೆ ರೂಢಿಯಾಯಿತು. ವಿಂಡೋಸ್ 8ರಿಂದೀಚೆಗೆ ಬಿನ್‌ಗೆ ಹೋಗುವ ಕಡತಗಳಿಗೆ ಆ ಪ್ರಶ್ನೆ ತಾನಾಗಿ ಬರುವುದಿಲ್ಲ. ಆದ್ದರಿಂದ ಇಂದಿನ ಕಂಪ್ಯೂಟರುಗಳಲ್ಲಿ ಅಳಿಸುವಾಗ ಪ್ರಶ್ನೆ ಬಂದರೆ, ಅದು ಬಹುತೇಕ ಶಾಶ್ವತವಾಗಿ ಅಳಿಸಲೇ ಎಂಬ ಪ್ರಶ್ನೆಯೇ ಆಗಿರುತ್ತದೆ. ಅಲ್ಲಿ ಪರ್ಮನೆಂಟ್ಲಿ ಎಂಬ ಪದ ಇದೆಯೇ ಎಂದು ನೋಡಿ. ನಿಮ್ಮ ಪೆನ್ ಡ್ರೈವ್‌ನ ಫೋಲ್ಡರ್ ಅಳಿಸುವಾಗಲೂ ಅದು ಬಂದಿರಲೇಬೇಕು.

ಇನ್ನು ಮರಳಿ ಪಡೆಯುವ ವಿಚಾರ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುವುದಿಲ್ಲ. ಬೇರೊಬ್ಬರು ಬಂದು ಹೊಲವನ್ನು ಉತ್ತು ಬಿತ್ತಿದಾಗಲೇ ಅದು ಹೋಗುತ್ತದೆ. ಪೆನ್ ಡ್ರೈವ್‌ನಲ್ಲಿಯೂ ಹಾಗೆಯೇ, ಅಳಿಸಿದಾಗ ಬದಲಾಗುವುದು ಕಡತಗಳ ಪಟ್ಟಿಯಲ್ಲಿನ ನಮೂದು ಮಾತ್ರ. ಒಳಗಿನ ಅಂಕಿಅಂಶಗಳು ಆ ಜಾಗಕ್ಕೆ ಹೊಸ ಕಡತ ಬರುವವರೆಗೆ ಉಳಿದಿರುತ್ತವೆ. ಪೆನ್ ಡ್ರೈವ್ ಅನ್ನು ಬದಿಗಿಡಿ ಎಂದದ್ದು ಇದಕ್ಕಾಗಿ. ರೆಕುವಾ, ಫೋಟೋರೆಕ್, ಅಥವಾ ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ವಿಂಡೋಸ್ ಫೈಲ್ ರಿಕವರಿ ತಂತ್ರಾಂಶವನ್ನು ಕಂಪ್ಯೂಟರಿನ ಡಿಸ್ಕ್‌ಗೆ ಹಾಕಿಕೊಂಡು ಪೆನ್ ಡ್ರೈವ್ ಅನ್ನು ಶೋಧಿಸಿ. ಸಿಕ್ಕಿದ್ದನ್ನು ಕಂಪ್ಯೂಟರಿನಲ್ಲಿಯೇ ಉಳಿಸಿ, ಪೆನ್ ಡ್ರೈವ್‌ಗೆ ಮರಳಿ ಬರೆಯಬೇಡಿ. ಫೋಟೋರೆಕ್ ಬಳಸಿದರೆ ಕಡತಗಳ ಮೂಲ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲವಾದ್ದರಿಂದ ಒಂದೊಂದನ್ನೂ ತೆರೆದು ಗುರುತಿಸಬೇಕಾಗುತ್ತದೆ. ಪೆನ್ ಡ್ರೈವ್‌ನ ಬೇರೆ ಬೇರೆ ಜಾಗಗಳಲ್ಲಿ ತುಂಡುತುಂಡಾಗಿ ಹರಡಿಕೊಂಡಿದ್ದ ಕಡತಗಳು ಸಿಕ್ಕರೂ ತೆರೆಯದಿರಬಹುದು. ಅಳಿಸಿದ ಮೇಲೆ ಅದನ್ನು ನೀವು ಎಷ್ಟು ಬಳಸಿದ್ದೀರಿ ಎಂಬುದರ ಮೇಲೆ ಫಲ ನಿಂತಿದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಇರುವ ಕಂಪ್ಯೂಟರಿನಲ್ಲಿ ಕಡತ ಶಾಶ್ವತವಾಗಿ ಅಳಿದಿದ್ದರೆ ಇಷ್ಟು ಭರವಸೆ ಕೊಡಲು ನನಗೆ ಸಾಧ್ಯವಾಗುತ್ತಿರಲಿಲ್ಲ; ಅಲ್ಲಿ ಟ್ರಿಮ್ ಎಂಬ ಆಜ್ಞೆಯಿಂದ ಖಾಲಿಯಾದ ಜಾಗವನ್ನು ಡಿಸ್ಕ್ ಬೇಗನೆ ತೆರವುಗೊಳಿಸಿಬಿಡುತ್ತದೆ.

ಶೋಧನೆಗೆ ತೊಡಗುವ ಮುನ್ನ ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ವಿಚಾರಿಸಿ. ವರ್ಷಾಂತ್ಯದ ಲೆಕ್ಕಕ್ಕಾಗಿ ಈ ಕಡತಗಳನ್ನು ಅವರಿಗೆ ಇಮೇಲ್‌ನಲ್ಲಿ ಕಳುಹಿಸಿದ್ದರೆ ನಿಮ್ಮ ಸೆಂಟ್ ಮೇಲ್‌ನಲ್ಲಿಯೂ ಒಂದು ಪ್ರತಿ ಇರುತ್ತದೆ.