ಆದಾಯ ಹೆಚ್ಚಾದರೆ ಜನನ ಪ್ರಮಾಣ ತಾನಾಗಿಯೇ ಇಳಿಯುತ್ತದೆಯೇ?

ಬಡ ದೇಶಗಳಲ್ಲಿ ಹೆಚ್ಚು ಮಕ್ಕಳಾಗುವುದು ಬಡತನದಿಂದಲೇ, ಸಂಪಾದನೆ ಹೆಚ್ಚಿದರೆ ಇಳಿಯುತ್ತದಲ್ಲವೇ ಎಂದು ಕೇಳಿದ್ದೀರಿ. ಬರೀ ಸಂಪಾದನೆಯಿಂದ ಇಳಿಯುವುದಿಲ್ಲ. ಬಾಂಗ್ಲಾದೇಶದಲ್ಲಿ 1970ರ ದಶಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳಾಗುತ್ತಿದ್ದವು. 2011ರ ಹೊತ್ತಿಗೆ ಅದು ಸುಮಾರು 2.3ಕ್ಕೆ ಬಂದಿತ್ತು. ದೇಶವೇನೂ ಆಗ ಶ್ರೀಮಂತವಾಗಿರಲಿಲ್ಲ. ಅಲ್ಲಿನ ಮತ್ಲಬ್ ಎಂಬ ಗ್ರಾಮೀಣ ಪ್ರದೇಶದಲ್ಲಿ 1977ರಿಂದ ಆರೋಗ್ಯ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಗರ್ಭನಿರೋಧಕ ಮಾತ್ರೆ, ಚುಚ್ಚುಮದ್ದು ಕೊಡತೊಡಗಿದರು. ಈ ಸೇವೆ ಇಲ್ಲದ ಅಕ್ಕಪಕ್ಕದ ಹಳ್ಳಿಗಳಿಗಿಂತ ಅಲ್ಲಿ ಹೆರಿಗೆಗಳು ಬೇಗ ಕಡಿಮೆಯಾದವು.

ಮೊದಲು ನೋಡಬೇಕಾದ್ದು ಮಕ್ಕಳ ಸಾವು. ನಾಲ್ಕರಲ್ಲಿ ಒಂದು ಮಗು ತೀರಿಕೊಳ್ಳುವ ಕಡೆ, ಮೂರು ಉಳಿಯಬೇಕೆಂದರೆ ನಾಲ್ಕು ಹೆರಬೇಕು. ಭಯಕ್ಕೆ ಇನ್ನೊಂದು ಸೇರುತ್ತದೆ. ಲಸಿಕೆ ಬಂದು ಸಾವು ಇಳಿದರೂ ಆ ಭಯ ತಕ್ಷಣ ಹೋಗುವುದಿಲ್ಲ. ತಮ್ಮ ಸುತ್ತಮುತ್ತ ಮಕ್ಕಳು ಉಳಿಯುವುದನ್ನು ವರ್ಷಗಟ್ಟಲೆ ಕಂಡ ಮೇಲೆಯೇ ತಂದೆತಾಯಿಗೆ ಧೈರ್ಯ ಬರುವುದು.

ಹೆಚ್ಚಿನವರು ಮರೆಯುವ ವಿಷಯ ಎದೆಹಾಲು. ಹಾಲೂಡಿಸದ ಬಾಣಂತಿಗೆ ಒಂದೂವರೆ–ಎರಡು ತಿಂಗಳಲ್ಲೇ ಮತ್ತೆ ಗರ್ಭ ನಿಲ್ಲುವ ಶಕ್ತಿ ಬರಬಹುದು. ಹಗಲೂ ರಾತ್ರಿ ಹಾಲೂಡಿಸುತ್ತಾ ಇದ್ದರೆ ವರ್ಷ ದಾಟುವವರೆಗೂ ಮುಟ್ಟು ಬರದಿರುವುದುಂಟು. ಹಾಗಾಗಿ ಪುಡಿಹಾಲು ಬೇಗ ಶುರುವಾಗಿ, ಗರ್ಭನಿರೋಧಕ ಮಾತ್ರ ಇನ್ನೂ ಕೈಗೆ ಸಿಗದ ಊರಲ್ಲಿ, ಅನುಕೂಲ ಹೆಚ್ಚಿದಂತೆ ಜನನವೂ ಹೆಚ್ಚಬಹುದು!

ಗರ್ಭನಿರೋಧಕ ಸಿಕ್ಕರೂ ಜನ ಅರ್ಧಕ್ಕೆ ಬಿಡುತ್ತಾರೆ, ಅದಕ್ಕೆ ಕಾರಣ ಉಂಟು. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದನ್ನೇ ನೋಡಿ. ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಿಗೆ ರಕ್ತ ಕಾಣುತ್ತದೆ, ಆಮೇಲೆ ಎಷ್ಟೋ ಜನರಿಗೆ ಮುಟ್ಟೇ ನಿಲ್ಲುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ "ಒಳಗೆ ರಕ್ತ ಕಟ್ಟಿದೆ" ಎಂದು ಹೆದರಿ ಎರಡನೇ ಸೂಜಿಗೆ ಬರುವುದಿಲ್ಲ. ಕೇಂದ್ರದಲ್ಲಿ ಮದ್ದು ಮುಗಿದಿದ್ದರೂ ಅದೇ ಗತಿ. ಹೇಳಿ ಕೊಡುವುದಕ್ಕೆ ಹಿಡಿಯುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ಬಜೆಟ್‌ನಲ್ಲಿ ಜಾಗ ಇಲ್ಲದಿರುವುದು ನನಗೆ ತುಂಬಾ ನೋವಿನ ಸಂಗತಿ.

ಹುಡುಗಿಯರ ಓದಿನಲ್ಲಿ ಪ್ರೌಢಶಾಲೆಯೇ ನಿರ್ಣಾಯಕ. ಬರೀ ನಾಲ್ಕನೇ ತರಗತಿ ಸಾಲದು. ಓದು ಮುಂದುವರಿದರೆ ಮದುವೆ ಮುಂದೆ ಹೋಗುತ್ತದೆ. ಮಕ್ಕಳ ಸಂಖ್ಯೆ ಅಷ್ಟೇ ಇದ್ದರೂ ಇದರಿಂದ ಜನಸಂಖ್ಯೆ ಬೆಳೆಯುವ ವೇಗ ತಗ್ಗುತ್ತದೆ: 20ಕ್ಕೆ ತಾಯಿಯಾಗುತ್ತಾ ಹೋದರೆ ನೂರು ವರ್ಷಕ್ಕೆ ಐದು ತಲೆಮಾರು, 25ಕ್ಕಾದರೆ ನಾಲ್ಕೇ.

ಅಂಕಿಅಂಶ ನೋಡುವಾಗ ಒಂದು ಎಚ್ಚರ. ಸಾವಿರ ಜನಕ್ಕೆ ಎಷ್ಟು ಹೆರಿಗೆ ಎಂಬ ಲೆಕ್ಕ, ಯುವತಿಯರು ಹೆಚ್ಚಿರುವ ದೇಶದಲ್ಲಿ ಹೇಗೂ ದೊಡ್ಡದಾಗಿಯೇ ಕಾಣುತ್ತದೆ. ಎರಡು ದೇಶಗಳನ್ನು ಹೋಲಿಸುವುದಿದ್ದರೆ ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಎನ್ನುವ ಒಟ್ಟು ಫಲವತ್ತತೆ ದರವನ್ನೇ ಹಿಡಿಯಿರಿ.