ಹಾಸನದ ದಿನಸಿ ಅಂಗಡಿಗಳಲ್ಲೂ ವೈನ್ ಮಾರಲು ಬಿಡಬಹುದೇ?

ಬಿಡಬಾರದು. ಈ ಚರ್ಚೆ ಎದ್ದದ್ದು ಮಹಾರಾಷ್ಟ್ರದಲ್ಲಿ. 2022ರ ಜನವರಿಯಲ್ಲಿ ಅಲ್ಲಿನ ಸಂಪುಟ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ, ಪ್ರತ್ಯೇಕ ಕಪಾಟಿನಲ್ಲಿಟ್ಟು ವೈನ್ ಮಾರಲು ಒಪ್ಪಿತು. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗುತ್ತದೆ ಎಂದರು. ಅಣ್ಣಾ ಹಜಾರೆ ಉಪವಾಸ ಕೂರುವುದಾಗಿ ಎಚ್ಚರಿಸಿದರು.

ದ್ರಾಕ್ಷಿಯ ವಾದ ವಿಜಯಪುರಕ್ಕೆ ಹೊಂದೀತು, ಆಲೂಗಡ್ಡೆ, ಕಾಫಿ ಬೆಳೆಯುವ ನಮ್ಮ ಜಿಲ್ಲೆಗಲ್ಲ. ವೈನ್‌ನಲ್ಲಿ ಆಲ್ಕೋಹಾಲ್ ಸುಮಾರು 12%, ವಿಸ್ಕಿಯಲ್ಲಿ 42.8% ಎನ್ನುವುದು ನಿಜವೇ. ಆದರೆ ನಮ್ಮ ಕಡೆ ‘ವೈನ್ಸ್’ ಬೋರ್ಡಿನಡಿ ಬಿಕರಿಯಾಗುವುದೇ ಬ್ರಾಂದಿ, ವಿಸ್ಕಿ. ಅರಕಲಗೂಡು ಕಡೆಯ ನಮ್ಮೂರಲ್ಲಿ ಬೆಲ್ಲ, ಬೀಡಿ ಮಾರುವ ಅಂಗಡಿಯಲ್ಲೇ ಬೆಳಿಗ್ಗೆ ಆರಕ್ಕೆ ಅಕ್ಕಿ ಮೂಟೆಯ ಹಿಂದಿನಿಂದ ಕದ್ದುಮುಚ್ಚಿ ಮಾರುವ ಮದ್ಯದ ಪ್ಯಾಕೆಟ್ ಹೊರಬರುತ್ತದೆ. ಹಾಲಿಗೆ ಬಂದ ಮಕ್ಕಳು ಅಲ್ಲೇ ನಿಂತು ನೋಡುತ್ತಿರುತ್ತಾರೆ.